ಚರಟ ಹಾಕಿದ ಮೇಲೆ ಎರೆಹುಳುಗಳು ಮುಚ್ಚಳಕ್ಕೆ ಹತ್ತುತ್ತಿವೆ, ಏನು ಮಾಡಲಿ?

ಪ್ರಶ್ನೆ:
ಆಫೀಸಿನ ಕಾಫಿ ಮೆಷಿನ್ನಿನ ಚರಟ ದಿನಾ ಒಂದು ಡಬ್ಬಿ ತರ್ತೀನಿ, ಮನೆಯ ಟೀ ಚರಟ ಬೇರೆ. ಎರಡನ್ನೂ ಎರೆಹುಳು ಗೊಬ್ಬರದ ತೊಟ್ಟಿಗೆ ಸುರೀತಿದ್ದೆ. ಈಗ ಹುಳುಗಳೆಲ್ಲ ಮುಚ್ಚಳಕ್ಕೆ ಅಂಟಿಕೊಂಡಿವೆ. ಕಾಫಿಯ ಹುಳಿ ಆಗ್ತಿಲ್ಲವಾ? ಸುಣ್ಣ ಹಾಕಲಾ?

ಉತ್ತರ 1:
ಸುಣ್ಣ ಬೇಡ ಸರ್, ಹುಳುವಿನ ಮೈ ಸುಡುತ್ತೆ. ಮೊಟ್ಟೆ ಸಿಪ್ಪೆ ಒಣಗಿಸಿ ನುಣ್ಣಗೆ ಪುಡಿ ಮಾಡಿ ಉದುರಿಸಿ.

ಉತ್ತರ 2:
ಎಲ್ಲರೂ ಮೊದಲು ಹುಳಿಯನ್ನೇ ದೂರ್ತಾರೆ. ಆದರೆ ಹುಳಿ ಬಹುಪಾಲು ಡಿಕಾಕ್ಷನ್ ಜೊತೆಗೇ ಇಳಿದುಹೋಗಿರುತ್ತೆ. ನನ್ನ ಅನುಮಾನ ಕಾವಿನ ಮೇಲೆ. ಚರಟದ ರಾಶಿಯೊಳಗೆ ಬೆರಳು ತೂರಿಸಿ ನೋಡಿ. ಅದರಲ್ಲಿ ಸಾರಜನಕ ಸುಮಾರು 2% ಇರುತ್ತೆ, ದಪ್ಪಗೆ ಬಿದ್ದರೆ ಕೊಳೆಯುವಾಗ ಬಿಸಿಯೇರುತ್ತೆ. ಮನೆ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಾಕೋ ಕೆಂಪು ಹುಳು, ಐಸೀನಿಯಾ ಫೆಟಿಡಾ, 15ರಿಂದ 25 ಡಿಗ್ರಿಯಲ್ಲಿ ಸುಖವಾಗಿರುತ್ತೆ. 35 ದಾಟಿದರೆ ಸಾಯೋಕೆ ಶುರು.

ಇನ್ನೊಂದು, ಗಾಳಿ. ನುಣ್ಣನೆ ಪುಡಿ ಒದ್ದೆಯಾದರೆ ಹೆಂಟೆ ಕಟ್ಟುತ್ತೆ. ಹುಳು ಉಸಿರಾಡೋದೇ ಚರ್ಮದಿಂದ, ಪಾಪ ಅದು ಎಲ್ಲಿಗೆ ಹೋಗಬೇಕು? ಚರಟದಲ್ಲಿ ಉಳಿದ ಕೆಫೀನ್ ಕೂಡ ಜಾಸ್ತಿಯಾದರೆ ಅದಕ್ಕೆ ವಿಷವೇ.

ಇವತ್ತೇ ಮೇಲಿನ ಪದರ ಎತ್ತಿಬಿಡಿ. ಹರಿದ ರಟ್ಟು ನೆನೆಸಿ ಹಿಂಡಿ, ತರಗೆಲೆ ಜೊತೆ ಹರಡಿ. ನಾನು ಹಸಿ ಚರಟ ಹಾಕೋದೇ ಇಲ್ಲ. ಬೇರೆ ಬಕೆಟ್ಟಿನಲ್ಲಿ ರಟ್ಟಿನ ಚೂರು ಬೆರೆಸಿ ಎರಡು ಮೂರು ವಾರ ಬಿಡ್ತೀನಿ. ಬಿಳಿ ಬೂಸ್ಟು ಹಿಡಿದು, ಕಾಫಿ ಘಮ ಹೋಗಿ ಮಣ್ಣಿನ ವಾಸನೆ ಬರುತ್ತೆ, ಮುಟ್ಟಿದರೆ ತಣ್ಣಗಿರುತ್ತೆ. ಆಮೇಲೆ ತೊಟ್ಟಿಯ ಒಂದು ಮೂಲೆಗೆ ಮಾತ್ರ ಹಾಕ್ತೀನಿ. ಹಿಡಿಸದಿದ್ದರೆ ಹುಳುವಿಗೆ ಸರಿದುಹೋಗೋಕೆ ಜಾಗ ಬೇಕಲ್ಲ. ಒಟ್ಟು ಮೇವಿನಲ್ಲಿ ಚರಟ ಕಾಲು ಭಾಗ ಮೀರದಿದ್ದರೆ ಒಳ್ಳೇದು.

ಟೀ ಚರಟದಲ್ಲಿ ಹಾಲು, ಸಕ್ಕರೆ ಇದ್ದರೆ ತೊಳೆದು ಹಿಂಡಿ. ಇಲ್ಲದಿದ್ದರೆ ಇರುವೆ, ನೊಣ ಖಂಡಿತ.

ಪ್ರಶ್ನೆ ಕೇಳಿದವರು:
ಬೆರಳಿಟ್ಟು ನೋಡಿದೆ ಮೇಡಂ, ನಡುವೆ ಚೆನ್ನಾಗಿ ಬಿಸಿ ಇದೆ! ಎತ್ತಿಬಿಟ್ಟೆ. ಟೀ ಬ್ಯಾಗ್ ಹಾಗೇ ಹಾಕಬಹುದಾ? ಮುಚ್ಚಳದಲ್ಲಿರೋ ಹುಳುಗಳನ್ನ ಕೆಳಗೆ ಬಿಡಲಾ?

ಉತ್ತರ 2:
ಬ್ಯಾಗ್ ಹರಿದು ಒಳಗಿನ ಪುಡಿ ಮಾತ್ರ ಹಾಕಿ. ಎಷ್ಟೋ ಬ್ಯಾಗುಗಳಲ್ಲಿ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಎಳೆ ಇರುತ್ತೆ. ಕಾಗದ ಕೊಳೆತರೂ ಅದು ಗೊಬ್ಬರದಲ್ಲೇ ಉಳಿಯುತ್ತೆ. ಪಿನ್ನೂ ತೆಗೀರಿ.

ಹುಳುಗಳನ್ನ ಕೀಳೋಕೆ ಹೋಗಬೇಡಿ, ಮೈ ತುಂಬಾ ಮೆದು. ಕೆಳಗೆ ತಣ್ಣಗಾದರೆ ತಾವೇ ಇಳೀತವೆ. ಇವತ್ತು ರಾತ್ರಿ ತೊಟ್ಟಿಯ ಹತ್ತಿರ ದೀಪ ಉರಿಸಿಡಿ, ಬೆಳಕಿದ್ದರೆ ಹೊರಗೆ ಬರಲ್ಲ.