ಸಿನಗಾಗ್‌ನಲ್ಲಿ ದೇಶಭಕ್ತಿ ಗೀತೆ ಹಾಡಿದರೆ ತಪ್ಪಾ?

ಕಕ್ಕಬ್ಬೆ ಅಕ್ಕ:
ಎಲ್ಲರಿಗೂ ನಮಸ್ಕಾರ. ಕಕ್ಕಬ್ಬೆಯ ನಮ್ಮ ತೋಟದ ಮನೇಲೇ ಹೋಂಸ್ಟೇ ನಡೆಸುತ್ತೇನೆ. ಹೋದ ವಾರ ಅಮೆರಿಕದಿಂದ ವಯಸ್ಸಾದ ಯಹೂದಿ ದಂಪತಿ ಬಂದಿದ್ದರು. ಪಂದಿ ಕರಿ ಹೇಗೂ ಇಲ್ಲ, ಕೋಳಿಯೂ ಬೇಡ ಅಂದರು. ಕಡಂಬುಟ್ಟು, ಬೈಂಬಳೆ ಕರಿ ಮಾಡಿದೆ. ಊಟಕ್ಕೆ ಕೂತವರು ಜಗಳ ಶುರು ಮಾಡಿದರು. ವಿಷಯ ಏನಂದ್ರೆ, ಜುಲೈ 4 ಅವರ ಸ್ವಾತಂತ್ರ್ಯ ದಿನ. ಆ ವಾರ ಶನಿವಾರದ ಪ್ರಾರ್ಥನೆ ಮುಗಿಯುವಾಗ ಅವರ ಸಿನಗಾಗ್‌ನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, 'ಗಾಡ್ ಬ್ಲೆಸ್ ಅಮೆರಿಕ' ಅನ್ನೋ ದೇಶಭಕ್ತಿ ಗೀತೆ ಹಾಡುತ್ತಾರಂತೆ. ಹೆಂಡತಿ ಜೋರಾಗಿ ಹಾಡುತ್ತಾರೆ. ಗಂಡ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಲ್ಲುತ್ತಾರೆ. ಕಡಂಬುಟ್ಟು ಆರಿ ತಣ್ಣಗಾದರೂ ಇಬ್ಬರೂ ಬಿಟ್ಟುಕೊಡಲಿಲ್ಲ.

ನಮ್ಮ ಕೊಡವರಲ್ಲಿ ದುಡಿ ಬಡಿದು ಹಾಡುವ ದುಡಿ ಕೊಟ್ಟ್ ಪಾಟ್ ಶುರುವಾದರೆ ಮೊದಲು ದೇವರಿಗೆ ಬಾಳೋ ಅನ್ನುತ್ತೇವೆ, ಹಿಂದೆಯೇ ನಾಡನ್ನೂ ಹೊಗಳುತ್ತೇವೆ. ದೇಶಕಟ್ಟ್ ಪಾಟ್ ಅಂತಲೇ ಒಂದಿದೆ. ಅದಕ್ಕೆ ಯಾರೂ ಎದ್ದು ಹೋಗಿದ್ದು ನಾನು ನೋಡಿಲ್ಲ. ದೇಶಕ್ಕಾಗಿ ಪ್ರಾರ್ಥನೆ ಮಾಡಬಾರದು ಅಂತ ಅವರ ಧರ್ಮದಲ್ಲಿ ಏನಾದ್ರೂ ಇದ್ಯಾ?

ನಿವೃತ್ತ ಸುಬೇದಾರ್, ಪೊನ್ನಂಪೇಟೆ:
ಇದರಲ್ಲಿ ಚರ್ಚೆ ಏನು ತಂಗಿ? ನಮ್ಮ ಯೂನಿಟ್ಟಿನಲ್ಲಿ ಮಂದಿರ್ ಪೆರೇಡ್ ಮುಗಿದರೆ ಜೈಕಾರ ಹಾಕದೆ ಯಾರೂ ಹೊರಗೆ ಬರುತ್ತಿರಲಿಲ್ಲ. ಇಂಥವರು ಸಿಕ್ಕಿದ್ದರೆ ಬೆನ್ನಿಗೆ ಪಿಟ್ಠು, ಅಂದರೆ ಸೈನಿಕರ ಭಾರದ ಚೀಲ, ಹಾಕಿ ಗ್ರೌಂಡ್ ಸುತ್ತಿಸುತ್ತಿದ್ದೆವು.

ವಿರಾಜಪೇಟೆ ಹುಡುಗ, ಈಗ ಮುಂಬೈ:
ಉಲ್ಟಾ ಅಕ್ಕ, ಮಾಡಿ ಅಂತಲೇ ಇದೆ. ಬ್ಯಾಬಿಲೋನಿಗೆ ಸೆರೆಯಾಗಿ ಹೋದ ಯಹೂದಿಗಳಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ನೋಡಿ, ಬೈಬಲಿನಲ್ಲಿ ಅವನ ಪುಸ್ತಕದ 29ನೇ ಅಧ್ಯಾಯ. ನೀವಿರುವ ಊರಿಗಾಗಿ ದೇವರನ್ನು ಬೇಡಿಕೊಳ್ಳಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಅನ್ನುತ್ತಾನೆ. ಸೆರೆ ಹಿಡಿದವರ ಊರಿಗೇ! ಆಮೇಲೆ ರಾಜನಿಗಾಗಿ 'ಹನೊತೇನ್ ತೆಶುವಾ' ಅನ್ನೋ ಪ್ರಾರ್ಥನೆಯೇ ಬಂತು. ಶನಿವಾರ ಬೆಳಿಗ್ಗೆ ಅವರ ಧರ್ಮಗ್ರಂಥ ತೋರಾ ಓದಿದ ಮೇಲೆ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಈಗಲೂ ರಾಜಮನೆತನದ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ.

ಆ ಹಳೇ ಪ್ರಾರ್ಥನೆಯಲ್ಲಿ ಅಭಿಮಾನಕ್ಕಿಂತ ಭಯವೇ ಜಾಸ್ತಿ ಅನ್ನಿಸುತ್ತೆ ನನಗೆ. ರಾಜನ, ಅವನ ಮಂತ್ರಿಗಳ ಎದೆಯಲ್ಲಿ ನಮ್ಮ ಮೇಲೆ ಕರುಣೆ ಹುಟ್ಟಿಸು ಅಂತ ಬೇಡುತ್ತಾರೆ. ಊರಿಂದ ಊರಿಗೆ ಅಟ್ಟಿಸಿಕೊಂಡವರ ಮಾತು ಅದು. ನಾಡು ನಮ್ಮದೇ ಅಂತ ದುಡಿ ಬಡಿಯುವ ನಮಗೂ ಅವರಿಗೂ ಹೋಲಿಕೆ ಕಷ್ಟ.

ಬಹುಶಃ ಆ ಅಜ್ಜನ ತಕರಾರು ದೇಶದ ಮೇಲಲ್ಲ, ಹಾಡಿನ ಮೇಲೆ. ಶನಿವಾರದ ಪ್ರಾರ್ಥನೆಗೆ ಒಂದು ಕ್ರಮ ಇದೆ. ಸಂಪ್ರದಾಯಸ್ಥರು ಆ ದಿನ ವಾದ್ಯ ಕೂಡ ಮುಟ್ಟಲ್ಲ. ಅಲ್ಲಿಗೆ ರೇಡಿಯೋ ಹಾಡು ತಂದರೆ ಕೆಲವರಿಗೆ ಕಿರಿಕಿರಿ. ಆದರೆ ಅಜ್ಜಿ ಕಡೆಯೂ ನ್ಯಾಯ ಇದೆ. ಹಾಡು ಬರೆದ ಅರ್ವಿಂಗ್ ಬರ್ಲಿನ್ ಯಹೂದಿಯೇ. ಚಿಕ್ಕ ಮಗುವಾಗಿದ್ದಾಗ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದವನು, ಅಪ್ಪ ಸಿನಗಾಗ್‌ನಲ್ಲಿ ಪ್ರಾರ್ಥನೆ ಹಾಡುತ್ತಿದ್ದವನು. 1918ರಲ್ಲಿ ಸೈನ್ಯದಲ್ಲಿದ್ದಾಗ ಬರೆದು ಮೂಲೆಗಿಟ್ಟಿದ್ದ. 1938ರಲ್ಲಿ ತಿದ್ದಿ ಕೊಟ್ಟ ಮೇಲೆ ಗಾಯಕಿ ಕೇಟ್ ಸ್ಮಿತ್ ರೇಡಿಯೋದಲ್ಲಿ ಹಾಡಿದಳು. ಅದೂ ದೇವರೇ ಕಾಪಾಡು ಅನ್ನೋ ಬೇಡಿಕೆಯೇ, ಬಾಂಬು ಬಂದೂಕಿನ ಹಾಡಲ್ಲ. ನಾನಾಗಿದ್ದರೆ ಸುಮ್ನೆ ಹಾಡಿಬಿಡುತ್ತಿದ್ದೆ.

ಮಡಿಕೇರಿ ಟೀಚರ್:
ಇಸ್ರೇಲಿನಲ್ಲೂ ಈ ರಗಳೆ ಇದೆ. ಅಲ್ಲಿನ ರಾಷ್ಟ್ರಗೀತೆ 'ಹತಿಕ್ವಾ'ದಲ್ಲಿ ದೇವರ ಹೆಸರೇ ಇಲ್ಲ. ರಬ್ಬಿ ಅಂದರೆ ಯಹೂದಿ ಧರ್ಮಗುರು; ರಬ್ಬಿ ಕುಕ್ ಅನ್ನುವವರು ಅದಕ್ಕೆ ಬದಲಿಯಾಗಿ ನಂಬಿಕೆಯ ಮೇಲೆ ಒಂದು ಹಾಡು ಬರೆದರು, ಓಡಲಿಲ್ಲ. ಸ್ವಾತಂತ್ರ್ಯ ದಿನದ ಪ್ರಾರ್ಥನೆಯಲ್ಲಿ 'ಹಲ್ಲೇಲ್' ಅನ್ನೋ ಸ್ತುತಿ ಕೀರ್ತನೆ ಸೇರಿಸಬೇಕಾ ಬೇಡ್ವಾ ಅನ್ನೋದರಲ್ಲಿ ರಬ್ಬಿಗಳಿಗೇ ಒಮ್ಮತ ಇಲ್ಲ.

ಕಕ್ಕಬ್ಬೆ ಅಕ್ಕ:
ಥ್ಯಾಂಕ್ಸ್. ತಡೆಯಲಾಗದೆ ಅಜ್ಜನಿಗೇ ವಾಟ್ಸಾಪ್ ಮಾಡಿದೆ. ಶನಿವಾರದ ಕ್ರಮ ಎಲ್ಲ ಆಮೇಲಿನ ಮಾತಂತೆ. "ಹಾಡು ಚೆನ್ನಾಗಿಯೇ ಇದೆ, ಮನೇಲಿ ನಾನೂ ಹಾಡ್ತೀನಿ. ಯಾರು ಎದ್ದರು, ಯಾರು ಏಳಲಿಲ್ಲ ಅಂತ ಅಕ್ಕಪಕ್ಕದವರು ತಿರುಗಿ ನೋಡ್ತಾರಲ್ಲ, ಅದು ನನಗೆ ಆಗಲ್ಲ" ಅಂದರು. ಸುಬೇದಾರ್ ಅಣ್ಣನ ಪಿಟ್ಠು ವಿಷಯ ನಾನು ಹೇಳಲಿಲ್ಲ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ:
ಹೇಳಬಹುದಿತ್ತು. ಆದರೂ ಎದ್ದು ನಿಲ್ಲಬೇಕು.