‘ಗಲಭೆ’ಗೆ ಮುಂಚಿನ ಹಂತಕ್ಕೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ಪಂದ್ಯಗಳಲ್ಲಿ ಪ್ರೇಕ್ಷಕರ ನಡುವೆ ನಿಲ್ಲುವ ಸ್ವಯಂಸೇವಕರಿಗಾಗಿ ಎರಡು ಪುಟದ ಸೂಚನೆ ಬರೆಯುತ್ತಿದ್ದೇನೆ. ‘ಕ್ರೌಡ್ ಡಿಸಾರ್ಡರ್’ (ಪ್ರೇಕ್ಷಕರ ಗುಂಪು ಹತೋಟಿ ತಪ್ಪುವುದು) ಎಂಬಲ್ಲಿಗೆ ಬಂದು ಕೈ ನಿಂತಿದೆ. ಮೊದಲ ಕರಡಿನಲ್ಲಿ ‘ಗಲಭೆಯನ್ನು ಆರಂಭದಲ್ಲೇ ತಡೆಯಿರಿ’ ಎಂದಿದ್ದೆ. ಓದಿದ ಸ್ನೇಹಿತರು, “ಗಲಭೆ ಅಂದಮೇಲೆ ಆರಂಭ ಆಗಲೇ ಮುಗಿದುಹೋಯಿತಲ್ಲ?” ಎಂದರು. ಅವರ ಮಾತು ಸರಿ ಅನ್ನಿಸಿತು.

ಪದಗಳಿಗೇನೂ ಬರವಿಲ್ಲ. ಗದ್ದಲ, ಗಲಾಟೆ, ರಂಪ, ದಾಂಧಲೆ, ಪುಂಡಾಟ, ದೊಂಬಿ. ರಾದ್ಧಾಂತವೂ ಇದೆ. (ಸಂಸ್ಕೃತದಲ್ಲಿ ‘ಸಿದ್ಧಾಂತ’ದ ಅರ್ಥವಿದ್ದ ಆ ಪದ ನಮ್ಮಲ್ಲಿ ರಂಪಾಟವಾದ ಬಗೆಯನ್ನು ಬಲ್ಲವರು ಪ್ರತ್ಯೇಕವಾಗಿ ಬರೆಯಬೇಕು.) ಆದರೆ ಇವನ್ನೆಲ್ಲ ಸಾಲಾಗಿಟ್ಟು ನೋಡಿದರೆ ನಡುವೆ ಒಂದು ಜಾಗ ಖಾಲಿ ಕಾಣುತ್ತದೆ. ಗದ್ದಲದಲ್ಲಿ ಕೆಡುಕಿಲ್ಲ, ಗೋಲು ಬಿದ್ದಾಗ ಅದು ಆಗಲೇಬೇಕು. ದೊಂಬಿ ಎಂದರೆ ಪೊಲೀಸ್ ಕೇಸಿನ ಮಾತು. ಅಂಗಳದತ್ತ ಬಾಟಲಿ ಎಸೆಯುವುದು, ಆಟಗಾರನ ಮೈಬಣ್ಣ ಹಿಡಿದು ಹೀಯಾಳಿಸುವುದು, ಬೇಲಿ ಹತ್ತುವುದು, ಇವಕ್ಕೆಲ್ಲ ಸೇರಿ ಒಂದು ಹೆಸರು ಸಿಗುತ್ತಿಲ್ಲ. ‘ಅಶಿಸ್ತು’ ಎಂದರೆ ಶಾಲೆಯ ಮಕ್ಕಳು ನೆನಪಾಗುತ್ತಾರೆ. ‘ಪುಂಡಾಟ’ ಎಂದರೆ ನಡತೆಗಿಂತ ಮೊದಲು ಮನುಷ್ಯನಿಗೇ ತೀರ್ಪು ಕೊಟ್ಟಂತಾಗುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1991ರ ಫುಟ್‌ಬಾಲ್ ಅಪರಾಧ ಕಾಯ್ದೆ ಒಟ್ಟು ಹೆಸರಿನ ಗೋಜಿಗೇ ಹೋಗದೆ ಮೂರು ಕೃತ್ಯಗಳನ್ನು ಹೆಸರಿಸಿತು: ವಸ್ತು ಎಸೆಯುವುದು, ಅಸಭ್ಯ ಅಥವಾ ಜನಾಂಗ ನಿಂದನೆಯ ಘೋಷಣೆ, ಸಕಾರಣವಿಲ್ಲದೆ ಆಟದ ಅಂಗಳಕ್ಕೆ ಕಾಲಿಡುವುದು. ಯಾರಿಗೂ ಗಾಯವಾಗದಿದ್ದರೂ ಅಪರಾಧವೇ. ನಾನು ಹುಡುಕುತ್ತಿರುವುದು ಈ ಹಂತದ ಪದವನ್ನು.

ಇಷ್ಟು ಸಣ್ಣದಕ್ಕೆ ಇಷ್ಟು ಚರ್ಚೆ ಯಾಕೆ ಎನ್ನಬಹುದು. 1964ರ ಮೇ 24ರಂದು ಲಿಮಾದಲ್ಲಿ ಪೆರು–ಅರ್ಜೆಂಟೀನಾ ಪಂದ್ಯ. ಪೆರುವಿನ ಗೋಲನ್ನು ರೆಫರಿ ರದ್ದು ಮಾಡಿದಾಗ ಅಂಗಳಕ್ಕೆ ಓಡಿದವರು ಬೆರಳೆಣಿಕೆಯ ಮಂದಿ. ಆಮೇಲೆ ಪೊಲೀಸರು ಅಶ್ರುವಾಯು ಸಿಡಿಸಿದರು, ಜನ ಹೊರಗೋಡಿದರು, ಮೆಟ್ಟಿಲ ಕೆಳಗಿನ ಬಾಗಿಲುಗಳು ಮುಚ್ಚಿದ್ದವು. ಅಧಿಕೃತ ಲೆಕ್ಕದಲ್ಲೇ ಸತ್ತವರು 328. ಇಂಡೋನೇಷ್ಯಾದ ಕಂಜುರುಹಾನ್ ಕ್ರೀಡಾಂಗಣದಲ್ಲಿ 2022ರ ಅಕ್ಟೋಬರ್ 1ರಂದು ಹೆಚ್ಚುಕಡಿಮೆ ಇದೇ ನಡೆಯಿತು: ತಂಡ ಸೋತಿತೆಂದು ಅಂಗಳಕ್ಕಿಳಿದ ಜನ, ಫಿಫಾ ಸುರಕ್ಷತಾ ನಿಯಮದಲ್ಲಿ ನಿಷೇಧವಿದ್ದರೂ ಅಶ್ರುವಾಯು, 135 ಸಾವು. ‘ಗಲಭೆಗೆ 135 ಬಲಿ’ ಎಂದು ಬರೆದುಬಿಟ್ಟರೆ ಆ ಅಶ್ರುವಾಯು ವಾಕ್ಯದಿಂದಲೇ ಮಾಯವಾಗುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಘೋರ ಉದಾಹರಣೆ ನನಗೆ ತಿಳಿದಿಲ್ಲ.

ಇಂಗ್ಲೆಂಡಿನ ಹಿಲ್ಸ್‌ಬರೋ ಕ್ರೀಡಾಂಗಣದ ದುರಂತದ ವಿಷಯದಲ್ಲಿ ಪದಗಳು ಇನ್ನೂ ದೊಡ್ಡ ಅನ್ಯಾಯ ಮಾಡಿವೆ. 1989ರ ಏಪ್ರಿಲ್ 15ರಂದು ಅಲ್ಲಿ ಜಜ್ಜಿಹೋದ ಲಿವರ್‌ಪೂಲ್ ಅಭಿಮಾನಿಗಳಲ್ಲಿ ಒಟ್ಟು 97 ಮಂದಿ ಸತ್ತರು. ಅಂಗಳಕ್ಕೆ ಯಾರೂ ನುಗ್ಗದಿರಲೆಂದು ಹಾಕಿದ್ದ ಬೇಲಿಗೇ ಒತ್ತಿಹೋಗಿ, ಹಲವರು ನಿಂತಲ್ಲೇ ಉಸಿರುಗಟ್ಟಿದರು. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರೆಂದು ಪೊಲೀಸ್ ಅಧಿಕಾರಿ ಮೊದಲು ಹೇಳಿದ್ದು ಸುಳ್ಳು. ಗೇಟು ತೆರೆದದ್ದು ಪೊಲೀಸರ ಆದೇಶದ ಮೇಲೆ. ಅಭಿಮಾನಿಗಳ ತಪ್ಪಿರಲಿಲ್ಲ ಎಂದು ಜ್ಯೂರಿ ಹೇಳಲು 2016 ಬರಬೇಕಾಯಿತು. ಇದನ್ನು ನಾವು ‘ಕಾಲ್ತುಳಿತ’ ಎಂದರೆ ಅಲ್ಲಿ ಓಟವೂ ಇತ್ತು, ತುಳಿದವರೂ ಇದ್ದರು ಎಂದಾಗುತ್ತದೆ. ‘ನೂಕುನುಗ್ಗಲು’ ಎಂದರೆ ನೂಕಿದವರ ಮೇಲೆ ಬೆರಳು ತೋರಿಸಿದಂತೆ. ‘ಇಕ್ಕಟ್ಟಿಗೆ ಸಿಕ್ಕಿ ಉಸಿರುಗಟ್ಟಿ’ ಎಂದು ಬರೆಯುವುದೇ ಪ್ರಾಮಾಣಿಕ. ಇಕ್ಕಟ್ಟು ಜಾಗದ ಗುಣವನ್ನು ಹೇಳುತ್ತದೆ, ಜನರನ್ನು ದೂರುವುದಿಲ್ಲ.

ಸದ್ಯಕ್ಕೆ ‘ಹದ್ದುಮೀರಿಕೆ’ ಎಂದು ಇಟ್ಟುಕೊಂಡಿದ್ದೇನೆ. ‘ಹದ್ದುಮೀರಿದ ವರ್ತನೆ’ ಎಲ್ಲರಿಗೂ ಗೊತ್ತಿರುವ ಮಾತು. ಹದ್ದು ಎಂದರೆ ಎಲ್ಲೆ, ಅಂಗಳಕ್ಕೂ ಒಂದು ಗೆರೆ ಇದೆ. ‘ಹದ್ದುಮೀರಿಕೆ ಕಂಡ ಕೂಡಲೇ ಹತ್ತಿರ ಹೋಗಿ ಮಾತಾಡಿಸಿ’ ಎಂದು ಬರೆದರೆ ಸ್ವಯಂಸೇವಕನಿಗೆ ಲಾಠಿ ನೆನಪಾಗುವುದಿಲ್ಲ. ‘ಗಲಭೆ ಹತ್ತಿಕ್ಕಿ’ ಎಂದರೆ ನೆನಪಾಗುತ್ತದೆ. ಆದರೆ ನಾಮಪದವಾಗಿ ಇದು ಕಿವಿಗೆ ಒರಟಾಗಿ ಕೇಳುತ್ತದೆಯೇ?

ಇನ್ನೊಂದು ಪ್ರಶ್ನೆ. ಪ್ರೇಕ್ಷಕರು ಅಂಗಳಕ್ಕೆ ‘ಇಳಿದರು’ ಎನ್ನುವುದಕ್ಕೂ ‘ನುಗ್ಗಿದರು’ ಎನ್ನುವುದಕ್ಕೂ ನನಗೆ ತುಂಬ ವ್ಯತ್ಯಾಸ ಕಾಣುತ್ತದೆ. ಗೆದ್ದ ಸಂಭ್ರಮಕ್ಕೆ ಇಳಿಯುತ್ತಾರೆ, ಹೊಡೆಯಲು ನುಗ್ಗುತ್ತಾರೆ. ಕಂಜುರುಹಾನ್‌ನಲ್ಲಿ ಮೊದಲು ಬಂದವರಿಗೆ ಮೇಲೆ ‘ಇಳಿದ’ ಎಂದೇ ಬರೆದಿದ್ದೇನೆ. ಉದ್ದೇಶ ಇನ್ನೂ ತಿಳಿಯದ ಆ ಮೊದಲ ಕ್ಷಣಕ್ಕೆ ನೀವು ಯಾವ ಕ್ರಿಯಾಪದ ಬಳಸುತ್ತೀರಿ?