ದೇಣಿಗೆ ಓಟದಲ್ಲಿ ವಾಲಂಟಿಯರ್‌ಗಳಿಗೆ ಸಹಾಯ ಮಾಡಬೇಕಂತೆ. ಏನು ಮಾಡಲಿ? ಅನುಭವ ಇದ್ದವರು ಹೇಳಿ

ನಾನು ಡಿಗ್ರಿ ಎರಡನೇ ವರ್ಷದ ವಿದ್ಯಾರ್ಥಿನಿ. ಕಾಲೇಜಿನಿಂದ ಒಂದು ಸೇವಾಸಂಸ್ಥೆಗೆ ಇಂಟರ್ನ್‌ಶಿಪ್‌ಗೆ ಹಾಕಿದ್ದಾರೆ. ಭಾನುವಾರ ಅವರು ದೇಣಿಗೆ ಸಂಗ್ರಹಕ್ಕೆ ಓಟ ಇಟ್ಟುಕೊಂಡಿದ್ದಾರೆ. ನನಗೆ ಹೇಳಿದ್ದು ಒಂದೇ ಮಾತು, "ಬಂದು ವಾಲಂಟಿಯರ್‌ಗಳಿಗೆ ಸಹಾಯ ಮಾಡು" ಅಂತ. ಏನು ಸಹಾಯ ಅಂತ ಕೇಳಿದರೆ "ಅಲ್ಲೇ ಗೊತ್ತಾಗುತ್ತದೆ" ಅಂದರು. ಅಲ್ಲಿ ಎಲ್ಲರೂ ನನಗಿಂತ ದೊಡ್ಡವರು. ಗುರುತಿಲ್ಲದವರ ಹತ್ತಿರ ದುಡ್ಡು ಕೇಳಲು ನನಗೆ ಬಾಯೇ ಬರುವುದಿಲ್ಲ. ಏನು ತಯಾರಿ ಮಾಡಿಕೊಳ್ಳಲಿ?

ಉತ್ತರ 1 (ಎರಡು ಸಲ ಇಂಟರ್ನ್ ಆಗಿದ್ದವನು)

ನನಗೂ ಇದೇ ಆಗಿತ್ತು. ಮೊದಲ ದಿನ ಒಂದೂವರೆ ಗಂಟೆ ಕಂಬದ ಪಕ್ಕ ಸುಮ್ನೆ ನಿಂತಿದ್ದೆ. ಯಾರೂ ಕೆಲಸ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋಂದಣಿ ಮೇಜಿನಲ್ಲಿ ಒಬ್ಬರು ಹಿರಿಯರು ಬೆಳಿಗ್ಗೆಯಿಂದ ಎದ್ದೇ ಇರಲಿಲ್ಲ. ಸಾಲು ಕರಗುತ್ತಲೇ ಇರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಐದು ನಿಮಿಷ ಇಲ್ಲಿ ಕೂತ್ಕೋತೀಯೇನಪ್ಪಾ?" ಅಂದರು. ಪಾಪ, ಬಾತ್‌ರೂಮಿಗೆ ಹೋಗಲು ಅಷ್ಟು ಹೊತ್ತಿಂದ ಕಾಯುತ್ತಿದ್ದರು. ನಾನು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದೆ!

ಅವತ್ತು ಅರ್ಥವಾಗಿದ್ದು ಇಷ್ಟೇ. ದುಡ್ಡು ಎತ್ತುವವರು ಬೇಕಾದಷ್ಟು ಜನ ಇರುತ್ತಾರೆ. ಅವರನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ. ಆ ಜಾಗ ನಿಮ್ಮದು. ಮುಕ್ಕಾಲು ಗಂಟೆಗೊಮ್ಮೆ ಎಲ್ಲ ಮೇಜುಗಳಿಗೂ ಒಂದು ಸುತ್ತು ಹಾಕಿ. ನೀರು ಇದೆಯಾ, ಚಿಲ್ಲರೆ ಮುಗಿಯಿತಾ, ರಸೀದಿ ಪುಸ್ತಕದಲ್ಲಿ ಎಷ್ಟು ಹಾಳೆ ಉಳಿದಿದೆ, ಯಾರು ಇನ್ನೂ ಎದ್ದಿಲ್ಲ. "ಏನಾದರೂ ಬೇಕಾ?" ಅಂತ ಕೇಳಿದರೆ ಎಲ್ಲರೂ "ಏನೂ ಬೇಡಮ್ಮ" ಅನ್ನುತ್ತಾರೆ. "ನೀವು ಎದ್ದು ಹೋಗಿ ಬನ್ನಿ, ನಾನು ಹತ್ತು ನಿಮಿಷ ಕೂರುತ್ತೇನೆ" ಅನ್ನಿ, ಆಗ ಏಳುತ್ತಾರೆ.

ಪೆನ್ನು ಜಾಸ್ತಿ ಇಟ್ಟುಕೊಳ್ಳಿ, ದಾರ ಕಟ್ಟಿ. ಸಹಿ ಹಾಕಿದವರೆಲ್ಲ ಅದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ.

ಉತ್ತರ 2 (ಒಂದು ಸಂಸ್ಥೆಯ ಲೆಕ್ಕ ನೋಡುವವಳು)

ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಹತ್ತು ನಿಮಿಷ ಕೂರುತ್ತೇನೆ ಅನ್ನುವಾಗ ಒಂದು ಹುಷಾರು. ಆ ಮೇಜಿನಲ್ಲಿ ನಗದು ಇದ್ದರೆ ಒಬ್ಬಳೇ ಕೂರಬೇಡಿ. ಇನ್ನೊಬ್ಬರು ಪಕ್ಕದಲ್ಲಿ ಇರಲೇಬೇಕು.

ದೇಣಿಗೆ ಡಬ್ಬಿಗೆ ಸೀಲ್ ಇರಬೇಕು, ನಂಬರ್ ಇರಬೇಕು. ಯಾವ ಡಬ್ಬಿ ಯಾರು ತೆಗೆದುಕೊಂಡರು, ಯಾವಾಗ ವಾಪಸ್ ಕೊಟ್ಟರು ಅಂತ ಹಾಳೆಯಲ್ಲಿ ಸಹಿ ಆಗಬೇಕು. ಎಣಿಸುವಾಗ ಇಬ್ಬರು. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸಿ, ಅಲ್ಲೇ ಬರೆದು, ಇಬ್ಬರೂ ಸಹಿ ಹಾಕಿ. "ಡಬ್ಬಿಯಿಂದ ಸ್ವಲ್ಪ ಚಿಲ್ಲರೆ ತೆಗೆದುಕೊಡಮ್ಮ" ಅಂತ ಎಷ್ಟೇ ದೊಡ್ಡವರು ಕೇಳಿದರೂ ಇಲ್ಲ ಅನ್ನಿ.

ಇದು ಅತಿ ಅನ್ನಿಸಬಹುದು. ನಮ್ಮಲ್ಲಿ ಒಂದು ಸಲ ಒಂದು ಡಬ್ಬಿ ಸೀಲ್ ಕಿತ್ತು ವಾಪಸ್ ಬಂತು. ಅಂಟು ಬಿಟ್ಟುಕೊಂಡಿತ್ತು, ಅಷ್ಟೇ. ಆದರೆ ಅದನ್ನು ಹೊತ್ತು ತಂದ ಹುಡುಗ ಸಂಜೆಯವರೆಗೂ ಯಾರ ಮುಖವನ್ನೂ ನೋಡಲಿಲ್ಲ. ಯಾರೂ ಒಂದು ಮಾತು ಅಂದಿರಲಿಲ್ಲ. ಡಬ್ಬಿ ತರಲು ಜೊತೆಗೆ ಒಬ್ಬರನ್ನು ಕಳಿಸದೆ ಇದ್ದದ್ದು ನಮ್ಮ ತಪ್ಪು.

ಕ್ಯೂಆರ್ ಕೋಡ್ ಅಂಟಿಸಿದ್ದರೆ ಆಗಾಗ ನಿಮ್ಮ ಫೋನಿನಲ್ಲೇ ಸ್ಕ್ಯಾನ್ ಮಾಡಿ ಹೆಸರು ನೋಡಿ. ಅದರ ಮೇಲೆ ಬೇರೆಯವರು ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗಬಹುದು.

ಉತ್ತರ 3

ದುಡ್ಡು ಕೇಳುವ ಭಯಕ್ಕೆ: ಕೇಳಲೇಬೇಡಿ. ದುಡ್ಡು ಯಾವುದಕ್ಕೆ ಅನ್ನುವುದನ್ನು ಒಂದೇ ವಾಕ್ಯದಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿ, ಅದನ್ನು ಹೇಳಿ ಸುಮ್ಮನಾಗಿ. ದಾರಿಗೆ ಅಡ್ಡ ನಿಲ್ಲಬೇಡಿ, ಡಬ್ಬಿ ಗಲಗಲ ಅಲ್ಲಾಡಿಸಬೇಡಿ. ಬೇಡ ಅಂದವರಿಗೂ ಥ್ಯಾಂಕ್ಸ್. "ಇದರಲ್ಲಿ ಎಷ್ಟು ನಿಜವಾಗಿ ಕಷ್ಟದಲ್ಲಿರುವವರಿಗೆ ಹೋಗುತ್ತದೆ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಂದಾಜಿನ ಮೇಲೆ ಉತ್ತರ ಕೊಡಬೇಡಿ, ಜವಾಬ್ದಾರಿ ಇರುವವರ ಹತ್ತಿರ ಕರೆದುಕೊಂಡು ಹೋಗಿ.

ಉತ್ತರ 4 (ವಿದ್ಯಾರ್ಥಿಗಳನ್ನು ಕಳಿಸುವ ಅಧ್ಯಾಪಕಿ)

ನನ್ನದು ಸ್ವಲ್ಪ ಬೇರೆ ಮಾತು. ಸಹಾಯ ಮಾಡಿ, ಸರಿ. ಆದರೆ ನೀವು ಕಲಿಯಲು ಹೋಗುತ್ತಿದ್ದೀರಿ, ಅಲ್ವಾ? ಇಡೀ ದಿನ ಕುರ್ಚಿ ಹೊರುವುದೇ ಆದರೆ ಅದು ಇಂಟರ್ನ್‌ಶಿಪ್ ಅಲ್ಲ. ಶುಕ್ರವಾರವೇ ಫೋನ್ ಮಾಡಿ ಎರಡು ವಿಷಯ ಕೇಳಿ: ಅವತ್ತು ನಾನು ಯಾರನ್ನು ಕೇಳಬೇಕು, ಸಂಜೆ ಎಣಿಕೆ ನಡೆಯುವಾಗ ನಾನೂ ಕೂರಬಹುದಾ. ಕಲಿಯುವುದು ಹೆಚ್ಚು ಇರುವುದು ಎಣಿಕೆಯಲ್ಲೇ.

ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಅಪ್ಪ ಅಮ್ಮನಿಂದ ತಪ್ಪಿಹೋದ ಮಗು ಸಿಕ್ಕರೆ ಒಬ್ಬರೇ ಅದರ ಕೈ ಹಿಡಿದು ಅವರನ್ನು ಹುಡುಕಿಕೊಂಡು ಹೋಗಬೇಡಿ. ಅಲ್ಲೇ ನಿಂತು ಇನ್ನೊಬ್ಬ ವಾಲಂಟಿಯರನ್ನು ಕರೆಯಿರಿ. ಮೈಕಿನಲ್ಲಿ ಮಗುವಿನ ಹೆಸರು ಕೂಗಿಸಬೇಡಿ. ಹೆಸರು ಗೊತ್ತಾದರೆ ಯಾರು ಬೇಕಾದರೂ "ನಮ್ಮ ಮಗು" ಅಂತ ಬಂದುಬಿಡಬಹುದು.

ಎಷ್ಟು ಗಂಟೆ ಕೆಲಸ ಮಾಡಿದಿರಿ ಅನ್ನುವುದಕ್ಕೆ ಅವತ್ತೇ ಸಹಿ ಹಾಕಿಸಿಕೊಳ್ಳಿ. ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಕೇಳಿದವಳು, ಸೋಮವಾರ

ಹೋಗಿ ಬಂದೆ, ಎಲ್ಲರಿಗೂ ಥ್ಯಾಂಕ್ಸ್. ಹತ್ತು ಪೆನ್ನಿಗೂ ದಾರ ಕಟ್ಟಿದ್ದೆ. ಏಳು ವಾಪಸ್ ಬಂದವು, ಮೂರು ದಾರದ ಸಮೇತ ಹೋದವು. ನೀರಿನ ಮೇಜಿನಲ್ಲಿದ್ದ ಆಂಟಿಗೆ "ಎದ್ದು ಹೋಗಿ ಬನ್ನಿ" ಅಂದೆ. ಅವರು ಎದ್ದು ಹೋಗಿ ಅರ್ಧ ಗಂಟೆ ಬರಲೇ ಇಲ್ಲ! ಬಂದಮೇಲೆ ಅವರೇ ಎಣಿಕೆಗೆ ಪಕ್ಕದಲ್ಲಿ ಕೂರಿಸಿಕೊಂಡರು. ಸಹಿ ಮಾತ್ರ ಮರೆತೆ. ನಾಳೆ ಹಾಳೆ ಹಿಡಿದುಕೊಂಡು ಹೋಗಬೇಕು.